ವರ್ಣಭೇದವೂ ವೈದ್ಯೋಪಚಾರವೂ

(ಸಂಘದ ರಾಜ್ಯೋತ್ಸವ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ನೆಯ ಇಸವಿಯ ನವೆಂಬರ್ ೧ರಂದು ಒಂದಾಯಿತೆಂಬುದನ್ನು ಇಲ್ಲಿ ಕುಳಿತಿರುವ ಮಕ್ಕಳೂ ಬಲ್ಲರು. ಅದಾದ ಏಳು ವರ್ಷಕ್ಕೆ ಸರಿಯಾಗಿ, ೧೯೬೩ರ ನವೆಂಬರ್ ೧ರಂದು, ಅಮೆರಿಕದ ಒಂದು ನ್ಯಾಯಾಲಯವು ಎರಡು ಆಸ್ಪತ್ರೆಗಳ ಬಾಗಿಲನ್ನು ಕುರಿತು ತೀರ್ಪು ಕೊಟ್ಟಿತು. ಎರಡು ಘಟನೆಗಳಿಗೂ ಸಂಬಂಧವೇನಿಲ್ಲ. ತಾರೀಖು ಒಂದಾದುದು ಆಕಸ್ಮಿಕ. ಆದರೆ ಈ ದಿನ ಮಾತನಾಡಲು ನಾವು ಆರಿಸಿಕೊಂಡ ವಿಷಯಕ್ಕೆ ಆ ತೀರ್ಪಿನಿಂದಲೇ ಪ್ರಾರಂಭಿಸುವುದು ಯುಕ್ತವೆಂದು ತೋರಿತು.

ವಿಷಯದ ಹೆಸರು ಕೇಳಿದೊಡನೆ ಕೆಲವರು, "ಅಮೆರಿಕದ ಕಪ್ಪು ಜನರ ಆಸ್ಪತ್ರೆಯ ಕಷ್ಟಕ್ಕೂ ಮುಂಬಯಿಯ ಕನ್ನಡಿಗರಿಗೂ ಏನು ನಂಟು?" ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಈ ಸಭೆಯಲ್ಲಿರುವ ಮನೆತನಗಳಲ್ಲಿ ಮಗನೋ ಮಗಳೋ ಅಳಿಯನೋ ಆ ದೇಶದಲ್ಲಿ ನೆಲಸಿರದವು ಕಡಮೆ. ಅವರಲ್ಲಿ ಕೆಲವರು ಅಲ್ಲಿನ ಆಸ್ಪತ್ರೆಗಳಲ್ಲಿಯೇ ವೈದ್ಯರು. ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬಂದ ತಾಯಂದಿರೂ ಇಲ್ಲಿದ್ದಾರೆ. ಅಷ್ಟೇ ಅಲ್ಲ, ಅಲ್ಲಿಯ ಕಥೆಯ ಒಂದು ತುಣುಕು ನಮ್ಮೆಲ್ಲರ ಮನೆಯ ಕಪಾಟಿನಲ್ಲಿಯೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಇನ್ನು ಅಧಿಕಾರದ ಮಾತು. ನಾವು ವೈದ್ಯರಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತೆಗಿರಿ ಮಾಡಿಕೊಂಡಿರುವವರು. ರೋಗದ ವಿಚಾರ ನಮಗೆ ತಿಳಿಯದು, ಲೆಕ್ಕದ ವಿಚಾರ ಒಂದಿಷ್ಟು ತಿಳಿಯುವುದು. ಈ ವಿಷಯವನ್ನು ಓದುತ್ತ ಹೋದಂತೆ ನಮಗೆ ಕಂಡುಬಂದುದು ಏನೆಂದರೆ, ಇದರಲ್ಲಿ ದ್ವೇಷದ ಪಾಲು ಎಷ್ಟಿದೆಯೋ ಲೆಕ್ಕದ ಪಾಲೂ ಅಷ್ಟೇ ಇದೆ. ಲೆಕ್ಕದಿಂದ ಬಂದ ಅನ್ಯಾಯವನ್ನು ಲೆಕ್ಕದಿಂದಲೇ ಹಿಡಿಯಬಹುದು.

ಉತ್ತರ ಕೆರೊಲೈನ ರಾಜ್ಯದಲ್ಲಿ ಗ್ರೀನ್ಸ್‌ಬರೊ ಎಂಬ ಪಟ್ಟಣವಿದೆ. ೧೯೬೦ರ ಫೆಬ್ರವರಿ ೧ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಲ್ಲಿನ ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನ ಮುಂದೆ ಕುಳಿತು ಕಾಫಿ ಕೇಳಿದರು. ಕೊಡದಿದ್ದರೂ ಅಂಗಡಿ ಮುಚ್ಚುವವರೆಗೆ ಏಳಲಿಲ್ಲ. ಹೋಟೆಲಿನ ಉದ್ಯಮದಲ್ಲಿರುವ ನಮ್ಮ ಹಿರಿಯರಿಗೆ ಈ ಸಂಗತಿ ವಿಶೇಷವಾಗಿ ಮನಸ್ಸಿಗೆ ತಟ್ಟೀತು. ಕಾಫಿಯ ಕಥೆ ಲೋಕಪ್ರಸಿದ್ಧವಾಯಿತು. ಅದೇ ಊರಿನ ಹಲ್ಲಿನ ಕಥೆ ಅಷ್ಟಾಗಿ ಪ್ರಸಿದ್ಧವಾಗಲಿಲ್ಲ.

ಆ ಊರಿನಲ್ಲಿ ಜಾರ್ಜ್ ಸಿಮ್ಕಿನ್ಸ್ ಎಂಬ ಕಪ್ಪು ದಂತವೈದ್ಯರು ಇದ್ದರು. ಅವರ ಬಳಿಗೆ ಬಂದ ಒಬ್ಬ ರೋಗಿಗೆ ದವಡೆಹಲ್ಲು ಕೀವುಗೂಡಿ, ಮುಖ ಊದಿ, ಜ್ವರ ಏರಿತ್ತು. ಆಸ್ಪತ್ರೆಗೆ ಸೇರಿಸದೆ ವಿಧಿಯಿರಲಿಲ್ಲ. ಕಪ್ಪು ಜನರಿಗೆಂದೇ ಇದ್ದ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿಲ್ಲ, ವಾರಗಟ್ಟಲೆ ಕಾಯಬೇಕೆಂದರು. ಊರಿನಲ್ಲಿ ಇನ್ನೆರಡು ದೊಡ್ಡ ಆಸ್ಪತ್ರೆಗಳಿದ್ದವು: ಮೋಸಸ್ ಕೋನ್ ಮತ್ತು ವೆಸ್ಲಿ ಲಾಂಗ್. ಎರಡೂ ಬಾಗಿಲು ತೆರೆಯಲಿಲ್ಲ. ವೆಸ್ಲಿ ಲಾಂಗ್ ಆಸ್ಪತ್ರೆಯು ಕಪ್ಪು ರೋಗಿಗಳನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಕೋನ್ ಆಸ್ಪತ್ರೆಯು ಕೆಲವರನ್ನು ಸೇರಿಸಿಕೊಳ್ಳುತ್ತಿತ್ತು. ಆದರೆ ರೋಗಿಯು ತನ್ನ ಕಪ್ಪು ವೈದ್ಯನನ್ನು ಬಾಗಿಲಿನಲ್ಲೇ ಬಿಟ್ಟು ಒಳಗೆ ಬರಬೇಕಾಗಿತ್ತು. ಕಪ್ಪು ವೈದ್ಯರಿಗೆ ಅಲ್ಲಿ ಚಿಕಿತ್ಸೆ ಮಾಡುವ ಹಕ್ಕಿರಲಿಲ್ಲ.

ಸಿಮ್ಕಿನ್ಸ್ ಅವರು ಸುಮ್ಮನಿರಲಿಲ್ಲ. ಈ ಎರಡು ಆಸ್ಪತ್ರೆಗಳು ಯಾರ ದುಡ್ಡಿನಿಂದ ಕಟ್ಟಲ್ಪಟ್ಟವೆಂದು ವಿಚಾರಿಸಿದರು. ಗುಮಾಸ್ತರಾದ ನಮಗೆ ಈ ಮನುಷ್ಯನ ಮೇಲೆ ಅಭಿಮಾನ ಹುಟ್ಟುವುದು ಇಲ್ಲಿಯೇ. ೧೯೪೬ರ ಹಿಲ್-ಬರ್ಟನ್ ಕಾಯಿದೆಯ ಮೇರೆಗೆ ಎರಡಕ್ಕೂ ಕೇಂದ್ರ ಸರಕಾರದ ಬೊಕ್ಕಸದಿಂದ ತಲಾ ಹತ್ತು ಲಕ್ಷ ಡಾಲರಿಗೂ ಮಿಕ್ಕ ಹಣ ಸಂದಿತ್ತು. ಆ ಕಾಯಿದೆಯಲ್ಲಿ ಒಂದು ವಿಚಿತ್ರವಾದ ಕಲಮು ಇತ್ತು. ಹಣ ಪಡೆದ ಆಸ್ಪತ್ರೆ ಭೇದ ಮಾಡಕೂಡದು ಎಂದು ಮೊದಲು ಹೇಳಿ, ಆಯಾ ಜನಾಂಗಕ್ಕೆ ಸಮನಾದ ಬೇರೆ ಆಸ್ಪತ್ರೆ ಇರುವಲ್ಲಿ ಭೇದ ಮಾಡಬಹುದು ಎಂದು ಹಿಂದೆಯೇ ಬಿಡುತ್ತಿತ್ತು. ಬಲಗೈಯಿಂದ ಕೊಟ್ಟುದನ್ನು ಎಡಗೈಯಿಂದ ಕಿತ್ತುಕೊಂಡಂತೆ. ತೆರಿಗೆ ಎಲ್ಲರಿಂದ, ಹಾಸಿಗೆ ಕೆಲವರಿಗೆ.

ವೈದ್ಯರು, ದಂತವೈದ್ಯರು, ರೋಗಿಗಳು ಕೂಡಿ ೧೯೬೨ರಲ್ಲಿ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯದಲ್ಲಿ ಸೋತರು. ಇದು ಖಾಸಗಿ ಸಂಸ್ಥೆ, ಯಾರನ್ನು ಸೇರಿಸುವುದು ಅದರ ಇಷ್ಟ ಎಂದಾಯಿತು. ಮೇಲ್ಮನವಿಯನ್ನು ಕೇಳಿದ ಐವರು ನ್ಯಾಯಾಧೀಶರಲ್ಲಿ ಮೂವರು ಬೇರೆ ಹೇಳಿದರು: ಸರಕಾರದ ಹಣ, ಸರಕಾರದ ಯೋಜನೆ; ಆದಕಾರಣ ಸಂವಿಧಾನವೂ ಆ ಬಾಗಿಲಿನಲ್ಲಿ ನಿಂತಿದೆ. ಕಾಯಿದೆಯ ಆ ಕಲಮು ರದ್ದಾಯಿತು. ಅದೇ ನವೆಂಬರ್ ೧ರ ತೀರ್ಪು. ೧೯೬೪ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಜುಲೈಯಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದು, ಕೇಂದ್ರದ ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲಿಯೂ ವರ್ಣದ ಮೇಲೆ ಭೇದ ಮಾಡಕೂಡದೆಂದಿತು.

ಆದರೆ ಕಾಯಿದೆ ಬಂದೊಡನೆ ಆಸ್ಪತ್ರೆಗಳು ಬದಲಾದವೆ? ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬೇರೆ ವಾರ್ಡು, ಬೇರೆ ಕಾಯುವ ಕೋಣೆ, ಬೇರೆ ಬಾಗಿಲು ಹಾಗೆಯೇ ನಡೆದುಕೊಂಡು ಹೋದವು. ರಕ್ತವನ್ನು ಕೂಡ ಬೇರೆ ಬೇರೆ ಸೀಸೆಗಳಲ್ಲಿ ಇಡುತ್ತಿದ್ದ ದೇಶವದು. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯು ಕಪ್ಪು ದಾನಿಗಳ ರಕ್ತವನ್ನು ಪ್ರತ್ಯೇಕಿಸುವುದನ್ನು ಬಿಟ್ಟುದೇ ೧೯೫೦ರಲ್ಲಿ. ಹೀಗಿರುವಾಗ ಕಾಗದದ ಮೇಲಿನ ಅಕ್ಷರಕ್ಕೆ ಯಾರು ಹೆದರುತ್ತಾರೆ?

ಹೆದರಿದುದು ಚೆಕ್ಕಿಗೆ. ೧೯೬೫ರ ಜುಲೈ ೩೦ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾಯಿದೆಗೆ ರುಜು ಹಾಕಿದರು. ಅರವತ್ತೈದು ವರ್ಷ ದಾಟಿದವರ ಆಸ್ಪತ್ರೆಯ ವೆಚ್ಚವನ್ನು ಕೇಂದ್ರ ಸರಕಾರ ಭರಿಸುವ ಯೋಜನೆ ಇದು. ಜಾರಿಗೆ ಬರತಕ್ಕದ್ದು ೧೯೬೬ರ ಜುಲೈ ೧ರಿಂದ. ವೃದ್ಧರೇ ಆಸ್ಪತ್ರೆಗಳಿಗೆ ದೊಡ್ಡ ಗಿರಾಕಿಗಳು. ಅದುವರೆಗೆ ಅವರ ಪೈಕಿ ಎಷ್ಟೋ ಬಿಲ್ಲುಗಳು ಬಾಕಿಯಾಗಿಯೇ ಉಳಿಯುತ್ತಿದ್ದವು. ಈಗ ಸರಕಾರವೇ ಹಣ ಕೊಡುವುದೆಂದರೆ ಯಾವ ಆಸ್ಪತ್ರೆ ಬೇಡವೆಂದೀತು? ಆದರೆ ಚೆಕ್ಕಿಗೆ ಒಂದು ಷರತ್ತು ಲಗತ್ತಾಗಿತ್ತು. ವಾರ್ಡುಗಳು ಬೆರೆತಿರಬೇಕು, ಕಪ್ಪು ವೈದ್ಯರಿಗೆ ಪ್ರವೇಶ ಇರಬೇಕು, ಬಾಗಿಲು ಒಂದೇ ಇರಬೇಕು. ಇಲ್ಲವಾದರೆ ದುಡ್ಡಿಲ್ಲ.

ತಪಾಸಣೆಗೆ ಜನ ಸಾಲದೆ ಸರಕಾರದ ಬೇರೆ ಬೇರೆ ಕಚೇರಿಗಳಿಂದ ಸುಮಾರು ಸಾವಿರ ಮಂದಿಯನ್ನು ಕಲೆಹಾಕಿ, ಒಂದಿಷ್ಟು ಪಾಠ ಹೇಳಿ, ದಕ್ಷಿಣಕ್ಕೆ ಕಳಿಸಿದರು ಎನ್ನುವಂತಿತ್ತು ಅವಸರ. ನಮ್ಮ ಬ್ಯಾಂಕುಗಳಲ್ಲಿ ಇನ್‌ಸ್ಪೆಕ್ಷನ್ನಿನ ಹಿಂದಿನ ಸಂಜೆ ಫೈಲುಗಳ ಧೂಳು ಕೊಡಹುವುದುಂಟಷ್ಟೆ? ಅಲ್ಲಿಯೂ ಹಾಗೆಯೇ. ತಪಾಸಣೆಗಾರರು ಬರುವ ದಿನ ಕಪ್ಪು ರೋಗಿಯೊಬ್ಬನನ್ನು ಬಿಳಿಯರ ವಾರ್ಡಿನಲ್ಲಿ ಮಲಗಿಸಿ, ಅವರು ಹೋದ ಮೇಲೆ ಹಿಂದಕ್ಕೆ ಸಾಗಿಸಿದ ಆಸ್ಪತ್ರೆಗಳಿದ್ದವು. ಆದರೆ ನೆಲ ಒರೆಸುವವರು, ಅಡಿಗೆಯವರು ಅಲ್ಲಿ ಬಹುಪಾಲು ಕಪ್ಪು ಜನರೇ. ಒಳಗಿನ ಸಂಗತಿಯನ್ನು ಅವರು ಗುಟ್ಟಾಗಿ ತಪಾಸಣೆಗಾರರ ಕಿವಿಗೆ ಹಾಕುತ್ತಿದ್ದರು. ನಾಲ್ಕು ತಿಂಗಳು ತುಂಬುವುದರೊಳಗೆ ಸಾವಿರಕ್ಕೂ ಮಿಕ್ಕಿದ ಆಸ್ಪತ್ರೆಗಳು ತಮ್ಮ ಬೇರ್ಪಾಡನ್ನು ಬಿಟ್ಟವು. ನೂರು ವರ್ಷ ಆಗದ ಕೆಲಸ ನಾಲ್ಕು ತಿಂಗಳಿನಲ್ಲಿ ಆಯಿತು. ದೊಂಬಿಯಿಲ್ಲ, ಗುಂಡು ಹಾರಲಿಲ್ಲ.

ಇದರ ಫಲ ಏನಾಯಿತೆಂದು ಅರ್ಥಶಾಸ್ತ್ರಜ್ಞರು ಆಮೇಲೆ ಲೆಕ್ಕ ಹಾಕಿ ನೋಡಿದ್ದಾರೆ. ಮಿಸಿಸಿಪಿ ರಾಜ್ಯದಲ್ಲಿ ವರ್ಷ ತುಂಬುವುದರೊಳಗೆ ಭೇದಿಯಿಂದಲೂ ನ್ಯುಮೋನಿಯಾದಿಂದಲೂ ಸಾಯುತ್ತಿದ್ದ ಕಪ್ಪು ಕೂಸುಗಳ ಸಂಖ್ಯೆ ೧೯೬೫ರ ನಂತರದ ಕೆಲವೇ ವರ್ಷಗಳಲ್ಲಿ ಥಟ್ಟನೆ ಇಳಿಯಿತು. ಹೊಸ ಔಷಧವೇನೂ ಕಂಡುಹಿಡಿದಿರಲಿಲ್ಲ. ಭೇದಿಯ ಕೂಸಿಗೆ ಬೇಕಾದ ಸಲೈನು ಮೊದಲೂ ಆಸ್ಪತ್ರೆಯಲ್ಲಿತ್ತು. ಕೂಸನ್ನು ಒಳಗೆ ಬಿಡುತ್ತಿರಲಿಲ್ಲ, ಅಷ್ಟೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಆಸ್ಪತ್ರೆಗಳಿಗೆ ಹಾಕಿದ ಷರತ್ತನ್ನು ಖಾಸಗಿ ವೈದ್ಯರ ದವಾಖಾನೆಗಳಿಗೆ ಆಗ ಹಾಕಲಿಲ್ಲ. ವೈದ್ಯರ ಸಂಘದ ಮುನಿಸಿಗೆ ಅಂಜಿ ಆ ಮೂಲೆಯನ್ನು ಗುಡಿಸದೆ ಬಿಟ್ಟರೆಂದು ನಮ್ಮ ಊಹೆ. ಷರತ್ತು ಎಲ್ಲಿಗೆ ಮುಟ್ಟಿತೋ ಅಲ್ಲಿಗೆ ಭೇದ ಬೇಗ ತೊಲಗಿತು, ಮುಟ್ಟದಲ್ಲಿ ನಿಧಾನವಾಯಿತು.

ಈಗ ಆ ಹಲಗೆಗಳೆಲ್ಲ ಹೋಗಿ ಅರವತ್ತು ವರ್ಷಗಳಾಗುತ್ತ ಬಂದಿವೆ. ಬಾಗಿಲು ಒಂದೇ. ಒಳಗೆ ಹೋದವರು ಒಂದೇ ರೀತಿ ಹೊರಗೆ ಬರುತ್ತಿದ್ದಾರೆಯೆ? ೧೯೮೫ರಲ್ಲಿ ಅಮೆರಿಕ ಸರಕಾರದ್ದೇ ಒಂದು ವರದಿ, ಅಲ್ಪಸಂಖ್ಯಾತ ಜನಾಂಗಗಳಲ್ಲಿ ವರ್ಷಕ್ಕೆ ಸುಮಾರು ೬೦,೦೦೦ ಮರಣಗಳು ಬಿಳಿಯರ ಪ್ರಮಾಣಕ್ಕಿಂತ ಹೆಚ್ಚಾಗಿ ಆಗುತ್ತಿವೆಯೆಂದು ಲೆಕ್ಕ ಕೊಟ್ಟಿತು. ೨೦೨೩ರ ಸರಕಾರಿ ಅಂಕಿಗಳಂತೆ, ಒಂದು ಲಕ್ಷ ಹೆರಿಗೆಗೆ ಬಿಳಿಯ ತಾಯಂದಿರಲ್ಲಿ ೧೪.೫ ಮಂದಿ ಸತ್ತರೆ ಕಪ್ಪು ತಾಯಂದಿರಲ್ಲಿ ೫೦.೩ ಮಂದಿ ಸತ್ತರು. ಮೂರು ಪಾಲಿಗೂ ಹೆಚ್ಚು.

ಬಡತನವೇ ಕಾರಣವೆಂದು ಹೇಳುವವರಿದ್ದಾರೆ. ಬಡತನ ಇಲ್ಲವೆಂದಲ್ಲ. ವಿಮೆಯಿಲ್ಲದವನಿಗೆ ಅಲ್ಲಿ ವೈದ್ಯ ದುರ್ಲಭ. ಬಡವರ ಸರಕಾರಿ ವಿಮೆಯನ್ನು ವಿಸ್ತರಿಸಲು ೨೦೧೦ರ ಕಾಯಿದೆ ದಾರಿ ಮಾಡಿಕೊಟ್ಟರೂ ೨೦೨೫ರ ವೇಳೆಗೆ ಹತ್ತು ರಾಜ್ಯಗಳು ಇನ್ನೂ ಅದನ್ನು ಒಪ್ಪಿರಲಿಲ್ಲ. ಅವುಗಳಲ್ಲಿ ಹೆಚ್ಚಿನವು ಅದೇ ದಕ್ಷಿಣದವು. ಆದರೆ ಬಡತನವೊಂದೇ ಆಗಿದ್ದರೆ, ಕಾಲೇಜು ಓದಿದ ಕಪ್ಪು ಹೆಂಗಸು ಹೈಸ್ಕೂಲೂ ಮುಗಿಸದ ಬಿಳಿಯ ಹೆಂಗಸಿಗಿಂತ ಬಸಿರು ಬಾಣಂತನದಲ್ಲಿ ಸಾಯುವ ಸಂಭವ ೧.೬ ಪಟ್ಟು ಹೆಚ್ಚಿರಲು ಕಾರಣವೇನು? ಇದು ೨೦೧೯ರಲ್ಲಿ ಪ್ರಕಟವಾದ ಸರಕಾರಿ ಲೆಕ್ಕ. ಟೆನಿಸ್ ಆಟಗಾರ್ತಿ ಸೆರೀನಾ ವಿಲಿಯಮ್ಸ್‌ಗೆ ಯಾವ ಬಡತನ? ೨೦೧೭ರಲ್ಲಿ ಹೆರಿಗೆಯಾದ ಮರುದಿನ ಉಸಿರು ಸಿಕ್ಕಿಕೊಂಡಂತಾಗಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬೇಕೆಂದು ಆಕೆಯೇ ದಾದಿಗೆ ಹೇಳಿದಳು. ಹಿಂದೆ ಆಕೆಗೆ ಆ ಕಾಯಿಲೆ ಬಂದದ್ದಿತ್ತು. ನೋವಿನ ಮದ್ದಿನ ಮಂಪರಿನಲ್ಲಿ ಏನೋ ಹೇಳುತ್ತಿದ್ದಾಳೆಂದು ದಾದಿ ಭಾವಿಸಿದಳು. ಹಟ ಹಿಡಿದು ಸ್ಕ್ಯಾನು ಮಾಡಿಸಿಕೊಂಡುದರಿಂದ ಬದುಕಿದಳು. ಜಗತ್ತೇ ಬಲ್ಲ ಹೆಣ್ಣುಮಗಳ ಮಾತಿಗೆ ಈ ಬೆಲೆಯಾದರೆ ಉಳಿದವರ ಪಾಡೇನು?

ಹಾಗಾದರೆ ದಾದಿಯರೂ ವೈದ್ಯರೂ ದುಷ್ಟರೆ? ಹಾಗೆಂದು ನಾವು ಒಪ್ಪಲಾರೆವು. ಕೇಡು ಎಲ್ಲಿ ಅಡಗಿದೆಯೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇವೆ. ಎರಡರಲ್ಲೂ ದುಷ್ಟರು ಯಾರೂ ಇಲ್ಲ.

ಮೊದಲನೆಯದು ಶುದ್ಧ ಲೆಕ್ಕದ್ದು. ಅಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ವಿಮಾ ಸಂಸ್ಥೆಗಳಲ್ಲಿಯೂ ಯಾವ ರೋಗಿಗೆ ಹೆಚ್ಚಿನ ನಿಗಾ ಬೇಕೆಂಬುದನ್ನು ಗಣಕಯಂತ್ರ ಗೊತ್ತುಮಾಡುತ್ತದೆ. ಪ್ರತಿಯೊಬ್ಬನಿಗೂ ಅಂಕ ಕೊಟ್ಟು, ಅಂಕ ಹೆಚ್ಚಾದವನಿಗೆ ಬೇರೆ ದಾದಿ, ಬೇಗನೆ ಭೇಟಿ ಮುಂತಾದ ಸೌಕರ್ಯ. ಅಂಥದೊಂದು ಸೂತ್ರವನ್ನು ಸಂಶೋಧಕರು ಬಿಚ್ಚಿ ನೋಡಿ ೨೦೧೯ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಅದರಲ್ಲಿ ವರ್ಣದ ಕಾಲಮೇ ಇರಲಿಲ್ಲ. ಯಂತ್ರಕ್ಕೆ ರೋಗಿಯ ಬಣ್ಣ ಗೊತ್ತಿರಲಿಲ್ಲ. ಆದರೆ ರೋಗ ಎಷ್ಟೆಂಬುದನ್ನು ಅದು ಖರ್ಚು ಎಷ್ಟೆಂಬುದರಿಂದ ಅಳೆಯುತ್ತಿತ್ತು. ಅಷ್ಟೇ ಕಾಯಿಲೆಯಿರುವ ಕಪ್ಪು ರೋಗಿಯ ಮೇಲೆ ಬಿಳಿಯ ರೋಗಿಗಿಂತ ವರ್ಷಕ್ಕೆ ಸುಮಾರು ೧,೮೦೦ ಡಾಲರು ಕಡಮೆ ಖರ್ಚಾಗುತ್ತಿತ್ತು. ಆಸ್ಪತ್ರೆ ದೂರ, ರಜೆ ಇಲ್ಲ, ಹಿಂದಿನ ಕಹಿ ನೆನಪು, ವೈದ್ಯನ ಉಪೇಕ್ಷೆ, ಹೀಗೆ ನಾನಾ ಕಾರಣ. ಯಂತ್ರ ಅದನ್ನು ಹೇಗೆ ಓದಿತು? ಖರ್ಚು ಕಡಮೆ, ಆದಕಾರಣ ಆರೋಗ್ಯವಂತ! ಪಾಸ್‌ಬುಕ್ಕಿನಲ್ಲಿ ಡ್ರಾ ಮಾಡಿದ ಮೊತ್ತ ಕಡಮೆ ಇರುವುದನ್ನು ನೋಡಿ ಈ ಮನೆಯಲ್ಲಿ ಯಾರಿಗೂ ಹಸಿವಿಲ್ಲ ಎಂದು ಗುಮಾಸ್ತ ಬರೆದುಕೊಂಡಂತಾಯಿತು. ಆ ಓರೆಯನ್ನು ತೆಗೆದರೆ, ಹೆಚ್ಚಿನ ನಿಗಾಕ್ಕೆ ತಾನಾಗಿಯೇ ಆಯ್ಕೆಯಾಗುವವರಲ್ಲಿ ಕಪ್ಪು ಜನರ ಪಾಲು ನೂರಕ್ಕೆ ೧೭.೭ರಿಂದ ೪೬.೫ಕ್ಕೆ ಏರಬೇಕೆಂದು ಅವರು ತೋರಿಸಿದರು. ತಪ್ಪು ಒಂದೇ ಕಾಲಮಿನದು.

ಎರಡನೆಯದು ನಾವು ಆಗಲೇ ಹೇಳಿದ ಕಪಾಟಿನ ವಸ್ತು. ೨೦೨೧ರ ಕೋವಿಡ್ ಕಾಲದಲ್ಲಿ ಈ ಊರಿನಲ್ಲಿ ಆಕ್ಸಿಮೀಟರು ಕೊಳ್ಳದ ಮನೆ ಯಾವುದು? ಬೆರಳಿಗೆ ಸಿಕ್ಕಿಸಿ, ೯೪ರ ಕೆಳಗೆ ಇಳಿಯಿತೇ ಎಂದು ರಾತ್ರಿಯೆಲ್ಲ ನೋಡುತ್ತ ಕುಳಿತವರು ಈ ಸಭೆಯಲ್ಲಿ ಬಹಳ ಮಂದಿ. ಆ ಸಾಧನವು ಚರ್ಮದ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಾಯಿಸಿ, ರಕ್ತ ಎಷ್ಟನ್ನು ಹೀರಿತೆಂಬುದರಿಂದ ಆಮ್ಲಜನಕದ ಲೆಕ್ಕ ಹೇಳುತ್ತದೆ. ಚರ್ಮದ ಕಪ್ಪು ವರ್ಣದ್ರವ್ಯವೂ ಬೆಳಕನ್ನು ಹೀರುವುದಷ್ಟೆ. ಸಾಧನವನ್ನು ಸರಿಹೊಂದಿಸುವಾಗ ಬೆರಳು ಕೊಟ್ಟವರು ಬಹುಪಾಲು ತಿಳಿ ಬಣ್ಣದವರಾದುದರಿಂದ, ಕಪ್ಪು ಚರ್ಮದ ಮೇಲೆ ಅದು ಕೆಲವೊಮ್ಮೆ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಮೆರಿಕದಲ್ಲಿ ೨೦೨೦ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನವು ೯೨ರಿಂದ ೯೬ ಎಂದು ಧೈರ್ಯ ಹೇಳುತ್ತಿದ್ದಾಗ ನಿಜವಾದ ರಕ್ತಪರೀಕ್ಷೆಯಲ್ಲಿ ೮೮ಕ್ಕೂ ಕೆಳಗಿದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ನೂರಕ್ಕೆ ೩.೬, ಕಪ್ಪು ರೋಗಿಗಳಲ್ಲಿ ೧೧.೭. ಈ ದೋಷದ ಸುಳಿವು ೧೯೯೦ರಲ್ಲಿಯೇ ವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಮೂವತ್ತು ವರ್ಷ ಅದಕ್ಕೆ ಹೆಚ್ಚಿನ ಗಮನ ಸಿಗಲಿಲ್ಲ. ೨೦೨೧ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ಎಚ್ಚರಿಕೆ ಕೊಟ್ಟಿತು. ೨೦೨೫ರ ಜನವರಿಯಲ್ಲಿ ಬೇರೆ ಬೇರೆ ಬಣ್ಣದ ಚರ್ಮಗಳ ಮೇಲೆ ಹೆಚ್ಚು ಜನರಲ್ಲಿ ಪರೀಕ್ಷಿಸಬೇಕೆಂದು ಕರಡು ನಿಯಮವನ್ನು ಹೊರಡಿಸಿತು. ನಮ್ಮಲ್ಲಿ ಗೋಧಿ ಬಣ್ಣದಿಂದ ಕಡುಗಪ್ಪಿನವರೆಗೆ ಎಲ್ಲ ಛಾಯೆಯವರೂ ಇದ್ದೇವೆ. ವಧೂವರರ ಜಾಹೀರಾತಿನಲ್ಲಿ ಬಣ್ಣವನ್ನು ಅಷ್ಟು ಎಚ್ಚರಿಕೆಯಿಂದ ಗಮನಿಸುವ ನಾವು ಆಕ್ಸಿಮೀಟರಿನ ಮುಂದೆಯೂ ಒಂದಿಷ್ಟು ಗಮನಿಸಿದರೆ ಒಳಿತು. ಉಸಿರು ಕಟ್ಟುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಅಂಕಿ ಚೆನ್ನಾಗಿದೆಯೆಂದು ಕಾಯಬೇಡಿರಿ, ಆಸ್ಪತ್ರೆಗೆ ಹೋಗಿರಿ.

ಬ್ಯಾಂಕುಗಳ ಪಾಲನ್ನೂ ಮುಚ್ಚಿಡಲಾಗದು. ೧೯೩೦ರ ದಶಕದಲ್ಲಿ ಅಮೆರಿಕ ಸರಕಾರದ ಗೃಹಸಾಲದ ಸಂಸ್ಥೆಯು ನಗರಗಳ ನಕ್ಷೆ ಮಾಡಿ, ಸಾಲಕ್ಕೆ ಅಪಾಯವೆಂದು ಕಂಡ ಕೇರಿಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ಜನರ ಕೇರಿಗಳು ಹೆಚ್ಚುಕಡಮೆ ಎಲ್ಲವೂ ಕೆಂಪಾದವು. ಕೆಂಪು ಕೇರಿಗೆ ಸಾಲವಿಲ್ಲ, ಮನೆಯಿಲ್ಲ, ಮರವಿಲ್ಲ. ಹೆದ್ದಾರಿ ಮತ್ತು ಕಾರಖಾನೆ ಮಾತ್ರ ಬಂದವು. ಕ್ಯಾಲಿಫೋರ್ನಿಯದ ಎಂಟು ನಗರಗಳಲ್ಲಿ ನೋಡಿದಾಗ, ಎಂಬತ್ತು ವರ್ಷಗಳ ಮೇಲೂ ಆ ಕೇರಿಗಳಿಂದ ಉಬ್ಬಸಕ್ಕಾಗಿ ತುರ್ತು ಚಿಕಿತ್ಸೆಗೆ ಓಡುವವರು ಒಳ್ಳೆಯ ದರ್ಜೆಯ ಕೇರಿಗಳಿಗಿಂತ ೨.೪ ಪಟ್ಟು ಹೆಚ್ಚಿದ್ದರು. ಬಣ್ಣ ಬಳಿದ ಗುಮಾಸ್ತ ಯಾರ ಉಸಿರನ್ನೂ ಕಟ್ಟಿಸಬೇಕೆಂದು ಕುಳಿತವನಲ್ಲ. ಮೇಲಿನಿಂದ ಬಂದ ಫಾರಂ ತುಂಬಿದ.

ಟಸ್ಕೀಗಿಯ ಕಥೆಯನ್ನು ಬಹುಮಂದಿ ಕೇಳಿರುವುದರಿಂದ ಉದ್ದಮಾಡುವುದಿಲ್ಲ. ೧೯೩೨ರಿಂದ ೧೯೭೨ರವರೆಗೆ ಮೇಹರೋಗವಿದ್ದ ೩೯೯ ಕಪ್ಪು ಗಂಡಸರನ್ನು ಚಿಕಿತ್ಸೆ ಕೊಡದೆ, ರೋಗ ಹೇಗೆ ನಡೆಯುವುದೆಂದು ಸರಕಾರಿ ವೈದ್ಯರು ನೋಡುತ್ತ ಕುಳಿತರು. ಪೆನಿಸಿಲಿನ್ ಬಂದ ಮೇಲೂ. ಆಸ್ಪತ್ರೆಯೆಂದರೆ ಆ ಜನ ಏಕೆ ಹಿಂಜರಿಯುತ್ತಾರೆಂದು ಕೇಳುವವರು ಇದನ್ನು ನೆನೆಯಬೇಕು.

ಇನ್ನು ಪರಿಹಾರದ ಮಾತು. ವೈದ್ಯರ ಮನಸ್ಸನ್ನು ತಿದ್ದಬೇಕು, ಉಪನ್ಯಾಸ ಕೊಡಿಸಬೇಕು ಎಂಬುದು ಒಂದು ಪಕ್ಷ. ಬೇಡವೆನ್ನಲಾರೆವು. ೨೦೧೬ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕಪ್ಪು ಜನರ ಚರ್ಮ ದಪ್ಪ ಎಂಬಂಥ ಹುಸಿ ನಂಬಿಕೆಗಳಲ್ಲಿ ಒಂದನ್ನಾದರೂ ನಂಬುವವರು ಬಿಳಿಯ ವೈದ್ಯಕೀಯ ವಿದ್ಯಾರ್ಥಿಗಳಲ್ಲಿಯೂ ಕಿರಿಯ ವೈದ್ಯರಲ್ಲಿಯೂ ಅರ್ಧದಷ್ಟಿದ್ದರು. ಅಂಥವರು ಕಪ್ಪು ರೋಗಿಯ ನೋವನ್ನು ಕಡಮೆಯೆಂದು ಎಣಿಸುತ್ತಿದ್ದರು. ಅದಕ್ಕೆ ಪಾಠ ಬೇಕು. ಆದರೆ ಮನಸ್ಸು ತಿಳಿಯಾಗುವವರೆಗೆ ಹೆರಿಗೆ ನಿಲ್ಲುವುದಿಲ್ಲ. ನಮ್ಮ ಪಕ್ಷಪಾತ ಲೆಕ್ಕದ ಕಡೆಗೆ.

ಇದಕ್ಕೆ ಸಾಕ್ಷಿಯನ್ನು ಮತ್ತೆ ಗ್ರೀನ್ಸ್‌ಬರೊದಿಂದಲೇ ತರುತ್ತೇವೆ. ಹಲ್ಲುನೋವಿನವನನ್ನು ಹೊರಗಿಟ್ಟ ಕೋನ್ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮತ್ತು ಪಿಟ್ಸ್‌ಬರ್ಗಿನ ಇನ್ನೊಂದರಲ್ಲಿ ಒಂದು ಪ್ರಯೋಗ ನಡೆಯಿತು. ಸ್ತನ ಮತ್ತು ಶ್ವಾಸಕೋಶದ ಕ್ಯಾನ್ಸರಿನಲ್ಲಿ ಚಿಕಿತ್ಸೆಯನ್ನು ಪೂರೈಸುವವರು ಮೊದಲು ಬಿಳಿಯರಲ್ಲಿ ನೂರಕ್ಕೆ ೮೭, ಕಪ್ಪು ಜನರಲ್ಲಿ ಸುಮಾರು ೮೦. ಅವರು ಮಾಡಿದುದಾದರೂ ಏನು? ರೋಗಿ ಒಂದು ಭೇಟಿ ತಪ್ಪಿಸಿಕೊಂಡರೆ ಗಣಕಯಂತ್ರ ಕೂಡಲೆ ಎಚ್ಚರಿಸುವಂತೆ ಮಾಡಿದರು. ಅದಕ್ಕಾಗಿಯೇ ತರಬೇತಾದ ದಾದಿಯೊಬ್ಬಳು ರೋಗಿಗೆ ಫೋನು ಮಾಡಿ, ಬಸ್ಸು ಸಿಗಲಿಲ್ಲವೋ, ಭಯವೋ, ಕೆಲಸದ ಕಾಟವೋ ಎಂದು ವಿಚಾರಿಸಿ ದಾರಿ ಮಾಡುತ್ತಿದ್ದಳು. ವೈದ್ಯರ ತಂಡಗಳಿಗೆ ತಮ್ಮ ರೋಗಿಗಳಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಚಿಕಿತ್ಸೆ ಮುಗಿಸಿದರೆಂಬ ಪಟ್ಟಿಯನ್ನು ಆಗಾಗ್ಗೆ ಕೊಡುತ್ತಿದ್ದರು. ಅಷ್ಟಕ್ಕೆ ಎರಡು ಜನಾಂಗಗಳೂ ನೂರಕ್ಕೆ ೯೦ರ ಹತ್ತಿರ ಬಂದು ನಿಂತವು. ಅಂತರ ಹೆಚ್ಚುಕಡಮೆ ಅಳಿಯಿತು. ಬಿಳಿಯರಿಗೂ ಲಾಭವೇ ಆಯಿತು. ಸಾಲದ ಕಂತು ಒಂದು ತಪ್ಪಿದರೆ ನಮ್ಮ ಬ್ಯಾಂಕುಗಳು ಎಷ್ಟು ಬೇಗ ಜ್ಞಾಪಕಪತ್ರ ಕಳಿಸುತ್ತವೆಂದು ತಾವೆಲ್ಲ ಬಲ್ಲಿರಿ. ಕಂತಿಗೆ ಇರುವ ಕಾಳಜಿ ಕ್ಯಾನ್ಸರಿಗೂ ಬಂದರೆ ಸಾಕೆಂದು ಅವರು ತೋರಿಸಿದಂತಾಯಿತು. ಅದೇ ಕೋನ್ ಸಂಸ್ಥೆ ೨೦೧೬ರಲ್ಲಿ, ಆ ದಾವೆ ಹೂಡಿದ ವೈದ್ಯರಲ್ಲಿ ಬದುಕುಳಿದಿದ್ದ ಕೊನೆಯವರಾದ ಆಲ್ವಿನ್ ಬ್ಲೌಂಟ್ ಅವರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಜನಾಂಗವಾರು ಪಟ್ಟಿ ಮಾಡುವುದೇ ಭೇದವಲ್ಲವೆ, ಎಲ್ಲರನ್ನೂ ರೋಗಿ ಎಂದು ಮಾತ್ರ ಬರೆದುಕೊಂಡರೆ ಸಾಲದೆ? ಕೇಳಲು ಚೆನ್ನಾಗಿದೆ. ಆದರೆ ಖರ್ಚಿನ ಸೂತ್ರದಲ್ಲಿ ವರ್ಣದ ಕಾಲಮೇ ಇರಲಿಲ್ಲವೆಂಬುದನ್ನು ಮರೆಯಬಾರದು. ಹಾಗಿದ್ದೂ ಅನ್ಯಾಯ ನಡೆಯಿತು, ಮತ್ತು ಜನಾಂಗವಾರು ಎಣಿಸಿದುದರಿಂದಲೇ ಅದು ಸಿಕ್ಕಿಬಿದ್ದಿತು. ವರ್ಣವು ಸೂತ್ರದಲ್ಲಿ ಇರಕೂಡದು, ಆಡಿಟ್ಟಿನಲ್ಲಿ ಇರಲೇಬೇಕು. ಫ್ರಾನ್ಸ್ ದೇಶದಲ್ಲಿ ಜನಾಂಗವಾರು ಅಂಕಿ ಸಂಗ್ರಹಕ್ಕೆ ಕಾನೂನು ಬಲವಾದ ಕಡಿವ��ಣ ಹಾಕಿದೆ; ತತ್ತ್ವ ಘನವಾದುದೇ, ಆದರೆ ಅಂತರವೆಷ್ಟೆಂದು ಕೇಳಿದರೆ ತೋರಿಸಲು ಖಾತೆಯೇ ಕಷ್ಟ.

ಹೊರನಾಡಿನವರಾದ ನಮಗೆ ನೇರವಾಗಿ ತಾಕುವ ಒಂದು ವಿಷಯವನ್ನೂ ಹೇಳಬೇಕು. ೧೯೬೪ರ ಕಾಯಿದೆ ವರ್ಣದ ಜತೆಗೆ ಮೂಲದೇಶದ ಮೇಲಣ ಭೇದವನ್ನೂ ನಿಷೇಧಿಸಿತು. ಭಾಷೆ ಬಾರದವನನ್ನು ಕಡೆಗಣಿಸುವುದೂ ಅದರಲ್ಲಿ ಸೇರುವುದೆಂದು ೧೯೭೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಶಾಲೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ೨೦೧೦ರ ಆರೋಗ್ಯ ಕಾಯಿದೆ ಇದನ್ನು ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಅನ್ವಯಿಸಿತು. ಆದುದರಿಂದ ಮಗಳ ಮನೆಗೆ ಹೋದ ತಾಯಿಗೆ ಅಲ್ಲಿ ಎದೆನೋವು ಬಂದರೆ, ಕೇಂದ್ರದ ಹಣ ಪಡೆಯುವ ಆಸ್ಪತ್ರೆಯಲ್ಲಿ ದುಭಾಷಿಯನ್ನು ಬಿಟ್ಟಿಯಾಗಿ ಕೇಳುವ ಹಕ್ಕಿದೆ. ಫೋನಿನ ಮೇಲೆ ಕನ್ನಡದ ದುಭಾಷಿಯೂ ದೊರಕುವುದುಂಟು. ಅಳಿಯನ ಮುಂದೆ ಹೇಳಲು ನಾಚುವ ಕಾಯಿಲೆಗಳು ಎಷ್ಟಿಲ್ಲ! "ಸಂಕಟ" ಎಂಬುದಕ್ಕೂ "ನೋವು" ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಅವಸರದ ಇಂಗ್ಲಿಷಿನಲ್ಲಿ ಯಾವ ಮಗ ತಿಳಿಸಬಲ್ಲ? ತಾಯಂದಿರು ಸಂಕೋಚಪಡದೆ ಕೇಳಿರಿ. ದಕ್ಷಿಣದ ಕಪ್ಪು ಜನರು ಏಟು ತಿಂದು, ಜೈಲು ಸೇರಿ ಸಂಪಾದಿಸಿದ ಕಾಯಿದೆ ಅದು. ಅದರ ನೆರಳಿನಲ್ಲಿ ನಮ್ಮ ಮಕ್ಕಳೂ ನಿಂತಿದ್ದಾರೆ.

ಕೊನೆಯದಾಗಿ ಮೂತ್ರಪಿಂಡದ ಒಂದು ಲೆಕ್ಕ. ರಕ್ತದಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವಿನಿಂದ ಮೂತ್ರಪಿಂಡದ ಶಕ್ತಿಯನ್ನು ಅಂದಾಜು ಮಾಡುತ್ತಾರೆ. ೧೯೯೯ರ ಸೂತ್ರದಲ್ಲಿ, ರೋಗಿ ಕಪ್ಪು ಜನಾಂಗದವನಾದರೆ ಉತ್ತರವನ್ನು ಹೆಚ್ಚಿಸಬೇಕೆಂದು ಒಂದು ಗುಣಕ ಸೇರಿತು. ಅವರಲ್ಲಿ ಮಾಂಸಖಂಡ ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ೨೦೦೯ರ ಸೂತ್ರದಲ್ಲಿ ಆ ಗುಣಕ ೧.೧೫೯. ಬದಲಿ ಮೂತ್ರಪಿಂಡಕ್ಕಾಗಿ ಕಾಯುವ ಕಾಲ ಎಣಿಕೆಯಾಗತೊಡಗುವುದು ಶಕ್ತಿ ೨೦ಕ್ಕೆ ಇಳಿದಾಗ. ಒಂದೇ ರಕ್ತದ ವರದಿ ಬಿಳಿಯನಿಗೆ ೧೮ ಎಂದರೆ ಕರಿಯನಿಗೆ ಸುಮಾರು ೨೧ ಎನ್ನುವುದು. ಬಿಳಿಯನ ಹೆಸರು ಪಟ್ಟಿಗೆ ಹತ್ತಿತು. ಕಪ್ಪು ರೋಗಿಗೆ, ಇನ್ನೂ ಚೆನ್ನಾಗಿದ್ದೀಯೆ, ಆಮೇಲೆ ಬಾ.

೨೦೨೧ರ ಸೆಪ್ಟೆಂಬರಿನಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞರ ಸಂಸ್ಥೆಗಳು ಆ ಗುಣಕವನ್ನು ಕಿತ್ತುಹಾಕಲು ಶಿಫಾರಸು ಮಾಡಿದವು. ಅಲ್ಲಿಗೆ ನಿಂತಿದ್ದರೆ ಮುಂದಿನವರಿಗೆ ಮಾತ್ರ ನ್ಯಾಯವಾಗುತ್ತಿತ್ತು. ೨೦೨೩ರ ಜನವರಿಯಲ್ಲಿ ಅಂಗದಾನದ ರಾಷ್ಟ್ರೀಯ ಜಾಲವು ಇನ್ನೊಂದು ಹೆಜ್ಜೆ ಇಟ್ಟಿತು. ಪ್ರತಿಯೊಂದು ಆಸ್ಪತ್ರೆಯೂ ತನ್ನ ಪಟ್ಟಿಯಲ್ಲಿರುವ ಕಪ್ಪು ರೋಗಿಗಳ ಹಳೆಯ ವರದಿಗಳನ್ನು ತೆಗೆದು, ಗುಣಕವಿಲ್ಲದೆ ಮತ್ತೆ ಲೆಕ್ಕಹಾಕಿ, ಅವರು ನಿಜವಾಗಿ ಎಂದು ಅರ್ಹರಾಗುತ್ತಿದ್ದರೋ ಆ ತಾರೀಖಿನಿಂದಲೇ ಕಾಯುವ ಕಾಲವನ್ನು ಬರೆದುಕೊಡಬೇಕೆಂದು ಕಡ್ಡಾಯ ಮಾಡಿತು. ತಡವಾಗಿ ಜಮಾ ಆದ ಹಣಕ್ಕೆ ಹಿಂದಿನ ತಾರೀಖಿನಿಂದ ಬಡ್ಡಿ ಕಟ್ಟಿಕೊಡುವುದನ್ನು ನಾವು ಬ್ಯಾಂಕಿನವರು ಬಲ್ಲೆವು. ಆಯುಸ್ಸಿಗೆ ಹಾಗೆ ಮಾಡಿದುದನ್ನು ಇಲ್ಲಿಯೇ ನೋಡಿದುದು. ೨೦೨೪ರ ಮಾರ್ಚಿ ಮಧ್ಯದವರೆಗೆ ೧೪,೩೦೦ಕ್ಕೂ ಹೆಚ್ಚು ಮಂದಿಯ ತಾರೀಖು ಹೀಗೆ ತಿದ್ದಲ್ಪಟ್ಟಿತು. ಒಬ್ಬೊಬ್ಬರಿಗೆ ಸರಾಸರಿ ಎರಡು ವರ್ಷ ಸಿಕ್ಕಿತು. ಕೆಲವರು ಆ ವರ್ಷವೇ ಸರದಿಯ ಮುಂದಕ್ಕೆ ಬಂದು ಬದಲಿ ಮೂತ್ರಪಿಂಡ ಪಡೆದರು. ತಿದ್ದುವ ಮುನ್ನವೇ ತೀರಿಹೋದವರ ಹೆಸರು ಆ ಪಟ್ಟಿಯಲ್ಲಿಲ್ಲ.

ಮೂತ್ರಪಿಂಡದ ವೈದ್ಯಕೀಯ ಸಂಗತಿಗಳನ್ನು ಕುರಿತು ಪ್ರಶ್ನೆಗಳಿದ್ದರೆ, ಸಭೆಯಲ್ಲಿ ವೈದ್ಯ ಮಹಾಶಯರು ಇದ್ದಾರೆ. ಅವರು ನಮಗಿಂತ ಚೆನ್ನಾಗಿ ಉತ್ತರ ಹೇಳಬಲ್ಲರು.